ದೈಫುಲ್ಲಾನ ಗಾಡಿ ಎಡಕ್ಕೆ ಎಳೆದದ್ದು

ಗಾಡಿಯ ಮುಂಭಾಗವನ್ನು ತಾನೇ ಬಿಚ್ಚಿ, ತಾನೇ ಜೋಡಿಸಿ, ಆಮೇಲೆ ಅದರಲ್ಲೇ ಹೆಂಡತಿಯನ್ನು ಕೂರಿಸಿಕೊಂಡು ಹೊರಡಬೇಕಾದರೆ ಎರಡು ಬಗೆಯ ಧೈರ್ಯ ಬೇಕು. ಬಿಚ್ಚುವ ಧೈರ್ಯ ಲೋಕದಲ್ಲಿ ಬಹಳ ಜನಕ್ಕಿದೆ. ಜೋಡಿಸಿದ್ದು ಸರಿಯಾಗಿಲ್ಲವೆಂದು ಗೊತ್ತಾದ ಮೇಲೂ ಮುಖದ ಒಂದು ಗೆರೆ ಕದಲದಂತೆ ಸ್ಟೇರಿಂಗ್ ಹಿಡಿದು ಕೂರುವ ಧೈರ್ಯ ಮಾತ್ರ ಕರಕ್ ಊರಿನ ದಕ್ಷಿಣದ ಬಯಲಿನಲ್ಲಿ ದೈಫುಲ್ಲಾನೊಬ್ಬನಿಗೇ ಇತ್ತು.

ಅವನದು ಬಿಳಿ ಬಣ್ಣದ ಹಳೆಯ ಪಿಕಪ್ಪು. ಕುರಿ, ಬಾರ್ಲಿ ಮೂಟೆ, ನೀರಿನ ಟ್ಯಾಂಕು, ಹಬ್ಬಕ್ಕೆ ಬಂದ ನೆಂಟರು, ಎಲ್ಲವನ್ನೂ ಹಿಂದಿನ ತೊಟ್ಟಿಯಲ್ಲಿ ತುಂಬಿಕೊಂಡು ಅದು ಬದುಕು ಸಾಗಿಸಿತ್ತು. ಮುಂದಿನ ಚಕ್ರಗಳು ಕಟಕಟ ಎನ್ನತೊಡಗಿದಾಗ ಎಲ್ಲರೂ ಕರಕ್‌ನ ಗ್ಯಾರೇಜಿಗೆ ಕೊಡು ಎಂದರು. ದೈಫುಲ್ಲಾನಿಗೆ ಅವಮಾನವಾಯಿತು. ಅವನು ಸೈನ್ಯದ ವಾಹನ ವಿಭಾಗದಲ್ಲಿ ಇದ್ದು ಬಂದವನು. ಅಲ್ಲಿ ಏನು ಮಾಡುತ್ತಿದ್ದನೆಂದು ಅವನು ಬಿಡಿಸಿ ಹೇಳುತ್ತಿರಲಿಲ್ಲ, "ನನ್ನ ಕೈ ದಾಟದೆ ಒಂದು ಗಾಡಿಯೂ ಹೊರಗೆ ಹೋಗ್ತಿರಲಿಲ್ಲ" ಎಂದಷ್ಟೇ ಹೇಳುತ್ತಿದ್ದ. ಮುಂಚಕ್ರಗಳನ್ನು ಹಿಡಿದು ತಿರುಗಿಸುವ ಹೊಸ ಬಾಲ್ ಜಾಯಿಂಟು, ಹೊಸ ಟೈರಾಡು, ಒಳಗೆ ರಬ್ಬರಿರುವ ಹೊಸ ಬುಶ್ಶು ತಂದು, ಮನೆಯ ಗೋಡೆ ಪಕ್ಕ ಗಾಡಿಗೆ ಜಾಕಿ ಕೊಟ್ಟು, ಕೆಳಗೆ ತೂರಿಕೊಂಡು, ಇಡೀ ಶುಕ್ರವಾರ ಬೈದಾಡಿ ಎಲ್ಲವನ್ನೂ ಹಾಕಿ ಮುಗಿಸಿದ.

ಹಳೆಯ ಕೀಲುಗಳಲ್ಲಿ ಸದ್ದು ಮಾಡುತ್ತ ನೇರವಾಗಿ ಹೋಗುತ್ತಿದ್ದ ಗಾಡಿ, ಹೊಸ ಕೀಲು ಬಿದ್ದ ಮೇಲೆ ಸದ್ದಿಲ್ಲದೆ ದಾರಿ ತಪ್ಪತೊಡಗಿತು. ಸ್ವಲ್ಪ ದೂರ ಆಚೆ ಈಚೆ ತೂರಾಡುತ್ತಿತ್ತು, ಆಮೇಲೆ ಎಡಗಡೆ ಏನೋ ಕೆಲಸವಿದ್ದಂತೆ ಅತ್ತ ಹೊರಟುಬಿಡುತ್ತಿತ್ತು.

ಬೇರೆಯವರಾಗಿದ್ದರೆ ಗಾಡಿ ಕೆಟ್ಟಿದೆ ಎನ್ನುತ್ತಿದ್ದರು. ದೈಫುಲ್ಲಾ ಹಾಗೆನ್ನುವ ಪೈಕಿಯವನಲ್ಲ. ಗಾಡಿ ಎಲ್ಲಿ ಹೋಗಿ ನಿಂತಿತೋ ಅಲ್ಲಿಗೇ ತಾನು ಹೊರಟಿದ್ದೆ ಎಂದುಬಿಡುತ್ತಿದ್ದ. ಮೊದಲ ದಿನ ಅದು ರಸ್ತೆ ದಾಟಿ ಅಬು ಸಾಮಿಹನ ದಿನಸಿ ಅಂಗಡಿಯ ಮೆಟ್ಟಿಲು ಹತ್ತಿತು. "ಏನು ಬೇಕಿತ್ತು, ಅಬು ರಕಾನ್?" ಎಂದು ಅಂಗಡಿಯವನು ಎದೆ ಹಿಡಿದುಕೊಂಡೇ ಕೇಳಿದ. ದೈಫುಲ್ಲಾನಿಗೆ ರಕಾನ್ ಎಂಬ ಹಿರಿಯ ಮಗನಿದ್ದ, ಅಕಬಾದ ಬಂದರಿನಲ್ಲಿ ಕೆಲಸ. ಹಾಗಾಗಿ ಊರಿಗೆಲ್ಲ ಅವನು ಅಬು ರಕಾನ್, ರಕಾನನ ಅಪ್ಪ. "ಪೊರಕೆ" ಎಂದ ದೈಫುಲ್ಲಾ, ಗಂಭೀರವಾಗಿ. ಮರುದಿನ ಮತ್ತೊಂದು ಪೊರಕೆ ಕೊಂಡ.

ಮೂರನೆಯ ಸಲ ಗಾಡಿ ಪಕ್ಕದ ಹಳ್ಳಿಯ ಒಂದು ಸಾವಿನ ಡೇರೆಯ ಹಗ್ಗಕ್ಕೆ ತಗುಲಿ ನಿಂತಿತು. ದೈಫುಲ್ಲಾ ಇಳಿದು, ಸಾಲಾಗಿ ನಿಂತವರ ಕೈ ಹಿಡಿದು, "ದೇವರು ನಿಮಗೆ ತಾಳ್ಮೆ ಕೊಡಲಿ" ಎನ್ನುತ್ತ ಒಳಗೆ ಹೋಗಿ ಕೂತ. ಸತ್ತವರು ಯಾರೆಂದು ಈಗ ಕೇಳುವಂತಿಲ್ಲ. ಸ್ಟೇರಿಂಗಿನ ಜೊತೆ ಕುಸ್ತಿ ಮಾಡಿ ರಟ್ಟೆ ಸೋತು ನಿಜವಾಗಿಯೂ ಕಣ್ಣಲ್ಲಿ ನೀರು ಬಂದಿತ್ತು. ಅದನ್ನು ಕಂಡು ಸತ್ತವನ ಮಕ್ಕಳು ಮುಖ ಮುಖ ನೋಡಿಕೊಂಡರು. ಮರುವಾರ ಕುರಿಮಾಂಸದ ಪಾತ್ರೆ ಹೊತ್ತು ಮನೆಗೇ ಬಂದರು. "ಅಪ್ಪ ನಿಮ್ಮ ವಿಷಯ ಒಂದು ಮಾತೂ ನಮಗೆ ಹೇಳಿರಲಿಲ್ಲ, ಚಿಕ್ಕಪ್ಪ" ಎಂದು ಹಿರಿಯವನು ಗದ್ಗದಿತನಾಗಿ ಹೇಳಿದ. "ಅವರು ಹಾಗೇ, ಮಿತಭಾಷಿ" ಎಂದ ದೈಫುಲ್ಲಾ.

ಅವನ ಹೆಂಡತಿ ತುರ್ಫಾ ಬಾಗಿಲ ಹಿಂದೆ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಅವಳು ನಗುವುದೇ ಅಪರೂಪವಾಗಿತ್ತು. ಅದಕ್ಕೆ ಕಾರಣ ಬೇರೆ ಇದೆ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ತುರ್ಫಾಳ ತವರುಮನೆ ಅದೇ ಊರಿನಲ್ಲಿ, ಅದೇ ರಸ್ತೆಯಲ್ಲಿ, ಎಡಗಡೆಗಿತ್ತು. ಅಲ್ಲಿ ಅವಳ ತಮ್ಮ ಫವ್ವಾಜನಿದ್ದ, ಶಾಲಾ ಬಸ್ಸಿನ ಚಾಲಕ. ಸೊಂಟ ಹಿಡಿದು ಹಾಸಿಗೆಯಿಂದ ಹೊಸ್ತಿಲವರೆಗೆ ಮಾತ್ರ ಓಡಾಡುವ ತಾಯಿ ಹಜ್ಜಾ ಸಬ್ಹಾ ಇದ್ದಳು. ಕೆಲವು ವರ್ಷಗಳ ಹಿಂದೆ ಫವ್ವಾಜನ ಮದುವೆಯ ಊಟದಲ್ಲಿ, ಅನ್ನ ಮಾಂಸದ ದೊಡ್ಡ ಹರಿವಾಣದ ಸುತ್ತ ಊರ ಹಿರಿಯರೆಲ್ಲ ಕೈ ಹಾಕಿರುವಾಗ, ದೈಫುಲ್ಲಾ ತನ್ನ ಸೈನ್ಯದ ಕಥೆ ತೆಗೆದ. ಮದುಮಗನಿಗೆ ನಾಲಿಗೆ ತಡೆಯಲಿಲ್ಲ. "ನಮ್ಮ ಭಾವ ಅಲ್ಲಿ ಗಾಡಿ ರಿಪೇರಿ ಮಾಡ್ತಿದ್ದದ್ದಲ್ಲ ಕಣ್ರೋ, ರಿಪೇರಿ ಮಾಡೋರಿಗೆ ಚಹಾ ಮಾಡ್ತಿದ್ದ!" ಎಂದುಬಿಟ್ಟ. ಹರಿವಾಣದ ಸುತ್ತ ನಗೆಯೋ ನಗೆ. ದೈಫುಲ್ಲಾ ಅನ್ನ ಮೆತ್ತಿದ ಕೈಯಲ್ಲೇ ಎದ್ದುನಿಂತು ಆಣೆಯಿಟ್ಟ: "ಇನ್ನು ಮೇಲೆ ನನ್ನ ಮನೆಯವಳನ್ನ ಈ ಅಂಗಳಕ್ಕೆ ನಾನು ಕರೆತಂದರೆ, ಅವಳು ನನಗೆ ತಲಾಖ್!"

ಆ ಸೀಮೆಯ ಗಂಡಸರು ಇಂಥ ಆಣೆಯನ್ನು ಬಾಯಲ್ಲೇ ಇಟ್ಟುಕೊಂಡು ಓಡಾಡುತ್ತಾರೆ. ಇನ್ನೊಂದು ತುಂಡು ಮಾಂಸ ತಿನ್ನದಿದ್ದರೆ ನನ್ನ ಹೆಂಡತಿ ತಲಾಖ್, ಬಸ್ಸಿನ ಟಿಕೇಟಿಗೆ ನೀನು ದುಡ್ಡು ಕೊಟ್ಟರೆ ನನ್ನ ಹೆಂಡತಿ ತಲಾಖ್. ಹೆಂಡಂದಿರು ಮನೆಯಲ್ಲಿ ಹಿಟ್ಟು ನಾದುತ್ತಿರುತ್ತಾರೆ, ಅವರ ಸಂಸಾರ ಬೀದಿಯಲ್ಲಿ ಚೌಕಾಸಿಗೆ ಬಿದ್ದಿರುತ್ತದೆ. ಆದರೆ ಊರೆಲ್ಲ ಕೂತು ಕೇಳಿದ ಆಣೆಯನ್ನು ಹಗುರಾಗಿ ಮುರಿಯುವಂತಿಲ್ಲ. ತುರ್ಫಾ ಒಬ್ಬಳೇ ನಡೆದು ಹೋಗಬಹುದಿತ್ತಲ್ಲ ಎನ್ನುತ್ತೀರಿ. ಹೋಗಬಹುದಿತ್ತು. ಆದರೆ ಗಂಡ ಕರೆತರದೆ ಹೆಂಗಸು ಒಬ್ಬಳೇ ತವರಿನ ಬಾಗಿಲು ತಟ್ಟಿದಳೆಂದರೆ ಅವಳು ಮುನಿಸಿಕೊಂಡು ಸಂಸಾರ ಬಿಟ್ಟು ಬಂದಳೆಂದೇ ಊರು ತೀರ್ಮಾನಿಸುತ್ತದೆ, ಸಂಧಾನಕ್ಕೆ ಹಿರಿಯರು ಹೊರಡುತ್ತಾರೆ. ಆ ರಂಪ ಬೇಡವೆಂದು ತುರ್ಫಾ ತಾಯಿಯನ್ನು ಯಾರದೋ ಮದುವೆಯಲ್ಲೋ ಯಾರದೋ ಸಾವಿನಲ್ಲೋ ಕಾಣುತ್ತಿದ್ದಳು. ಸೊಂಟ ಹಿಡಿದ ಮೇಲೆ ತಾಯಿ ಮದುವೆಗೂ ಬರಲಿಲ್ಲ, ಸಾವಿಗೂ ಬರಲಿಲ್ಲ.

ಈಗ ಆ ಗುರುವಾರಕ್ಕೆ ಬನ್ನಿ.

ದೈಫುಲ್ಲಾ ಕುರಿಸಂತೆಗೆ ಹೊರಟಿದ್ದ. ಮೊಸರಿನ ಪಾತ್ರೆ ಮಡಿಲಲ್ಲಿಟ್ಟುಕೊಂಡು ತುರ್ಫಾ ಪಕ್ಕದಲ್ಲಿದ್ದಳು. ಗಾಡಿ ಎಂದಿನಂತೆ ತೂರಾಡಿತು. "ಗಾಳಿ ಜೋರಾಗಿದೆ" ಎಂದ ದೈಫುಲ್ಲಾ. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಫವ್ವಾಜನ ಮನೆ ಹತ್ತಿರ ಬಂದಾಗ ತುರ್ಫಾ ಯಾವಾಗಿನಂತೆ ಅತ್ತ ಮುಖ ತಿರುಗಿಸಿದಳು. ಗಾಡಿಯೂ ತಿರುಗಿತು. "ಅಬು ರಕಾನ್!" ಎಂದು ಅವಳು ಕೂಗುವಷ್ಟರಲ್ಲಿ ತಗಡಿನ ಗೇಟು ಬಿತ್ತು, ಕೋಳಿಗಳು ಹಾರಿದವು, ಒಣಹಾಕಿದ್ದ ಫವ್ವಾಜನ ಸಮವಸ್ತ್ರ ಗಾಜಿನ ಮೇಲೆ ತೋಳು ಚಾಚಿ ಮಲಗಿತು. ಅಂಗಳದ ನಟ್ಟನಡುವೆ ಗಾಡಿ ನಿಂತಿತು.

ಮನೆಯೊಳಗಿಂದ ಫವ್ವಾಜ ಬನಿಯನ್ನಿನಲ್ಲಿ ಓಡಿಬಂದ. ಹೊಸ್ತಿಲಲ್ಲಿ ಕೂತಿದ್ದ ಹಜ್ಜಾ ಸಬ್ಹಾ ಮಾತ್ರ ಗಾಬರಿಯಾಗಲಿಲ್ಲ. ಧೂಳು ಇಳಿಯುವವರೆಗೆ ಕಾದು, ಗಾಜಿನೊಳಗೆ ಕಣ್ಣಿಟ್ಟು ನೋಡಿ, "ಬಂದ್ಯಾ ಮಗಳೇ?" ಎಂದಳು.

ತುರ್ಫಾ ಮೊಸರಿನ ಪಾತ್ರೆಯನ್ನು ಗಂಡನ ಮಡಿಲಿಗೆ ಮಗುಚಿ ಇಳಿದು ಓಡಿದಳು.

ಅಷ್ಟರಲ್ಲಿ ಊರು ಸೇರಿತ್ತು. ಗಾಡಿಯ ಹಿಂದೆಯೇ ಓಡಿಬಂದಿದ್ದ ಅಬು ಸಾಮಿಹ ಬಿದ್ದ ಗೇಟಿನ ಮೇಲೆ ನಿಂತು ಎರಡೂ ಕೈ ತಲೆಯ ಮೇಲಿಟ್ಟುಕೊಂಡ. "ಅಯ್ಯೋ ಅಬು ರಕಾನ್! ಕರೆತಂದುಬಿಟ್ಯಲ್ಲೋ! ನಿನ್ನ ಹೆಂಡತಿ ಈಗ ನಿನ್ನ ಹೆಂಡತಿಯಲ್ಲ!"

ಮೊಸರು ಸೋರುತ್ತಿದ್ದ ದೈಫುಲ್ಲಾ ಕೂತಲ್ಲೇ ಕಲ್ಲಾದ.

ಇಮಾಮ್ ಶೇಖ್ ಯೂನಸರನ್ನು ಕರೆಸಿದರು. ಅವರು ವಯಸ್ಸಿನಲ್ಲಿ ಹುಡುಗರು, ಎಚ್ಚರಿಕೆಯಲ್ಲಿ ಮುದುಕರು. ಗೇಟು, ಗಾಡಿ, ಕೋಳಿ ಎಲ್ಲವನ್ನೂ ಒಂದು ಸುತ್ತು ಹಾಕಿ ನೋಡಿ, ಅಂಗಳದಲ್ಲಿ ಹಾಕಿದ ಕುರ್ಚಿಯ ಅಂಚಿನಲ್ಲಿ ಕೂತರು.

"ಆಣೆಯ ಮಾತು ಏನಿತ್ತು, ನೆನಪು ಮಾಡಿಕೊಂಡು ಹೇಳಿ, ಅಬು ರಕಾನ್."

ನೆನಪು ಮಾಡಿಕೊಳ್ಳುವ ಕಷ್ಟ ಅವನಿಗೆ ಬೀಳಲಿಲ್ಲ. ಅಲ್ಲಿದ್ದವರೆಲ್ಲ ಒಟ್ಟಿಗೇ ಹೇಳಿದರು.

"ಸರಿ. ಹಾಗಾದರೆ ಕೇಳುವುದು ಒಂದೇ. ಇವತ್ತು ಇವರನ್ನು ಇಲ್ಲಿಗೆ ತಂದದ್ದು ನೀವೋ, ಗಾಡಿಯೋ?"

ದೈಫುಲ್ಲಾನ ಬಾಯಿ ತೆರೆಯಿತು. ಗಾಡಿ ಎಂದರೆ ಮುಗಿಯಿತು, ಹೆಂಡತಿ ಉಳಿದಳು. ಆದರೆ ಎದುರಿಗೆ ಫವ್ವಾಜ ಕೈಕಟ್ಟಿ ನಿಂತಿದ್ದ.

"ಗಾಡಿ ಹೇಗೆ ತರುತ್ತೆ, ಶೇಖ್?" ಎಂದ ಫವ್ವಾಜ, ಬಹಳ ವಿನಯದಿಂದ. "ಮುಂಭಾಗ ಪೂರ್ತಿ ನಮ್ಮ ಭಾವನೇ ಸ್ವಂತ ಕೈಯಾರೆ ರಿಪೇರಿ ಮಾಡಿದಾನೆ. ಸೈನ್ಯದ ಕೈ ಅದು. ಅಂಥ ಕೈಯಲ್ಲಿ ಗಾಡಿ ದಾರಿ ತಪ್ಪುತ್ತಾ? ನೀನೇ ಹೇಳು ಭಾವ, ರಿಪೇರಿಯಲ್ಲಿ ತಪ್ಪಿದೆಯಾ?"

"ನನ್ನ ರಿಪೇರಿಯಲ್ಲಿ ಕೂದಲಿನಷ್ಟೂ ತಪ್ಪಿಲ್ಲ!" ಎಂದು ದೈಫುಲ್ಲಾ ಗುಡುಗಿದ. ಗುಡುಗಿದ ಮೇಲೆ ತಾನು ಹೇಳಿದ್ದೇನೆಂದು ಅವನಿಗೆ ಕೇಳಿಸಿತು.

ಇಮಾಮರು ಕಣ್ಣು ಮುಚ್ಚಿ ತೆರೆದರು. "ಹಾಗಾದರೆ ಇದು ನನ್ನ ಕೈ ಮೀರಿದ್ದು. ಭಾನುವಾರ ಕರಕ್‌ನಲ್ಲಿ ಮುಫ್ತಿಗಳ ಕಚೇರಿ ತೆರೆಯುತ್ತೆ, ಅಲ್ಲಿಗೆ ಹೋಗಿ. ಅಲ್ಲಿಯವರೆಗೆ ಇವರು ತವರಿನಲ್ಲೇ ಇರಲಿ."

ತುರ್ಫಾ ತಾಯಿಯ ತೋಳು ಹಿಡಿದುಕೊಂಡು ಒಳಗೆ ಹೋದಳು. ದೈಫುಲ್ಲಾ ಗಾಡಿಯನ್ನು ಹಿಂದೆ ತೆಗೆಯುವಾಗ ಕಿಟಕಿಯೊಳಗೆ ಕಂಡದ್ದು ಇಷ್ಟು: ಹಜ್ಜಾ ತಲೆಯ ವಸ್ತ್ರ ತೆಗೆದು ಕೂತಿದ್ದಳು. ತುರ್ಫಾ ಅವಳ ಬಿಳಿ ಕೂದಲನ್ನು ಬಿಡಿಸುತ್ತಿದ್ದಳು. ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದರು.

ಮನೆಗೆ ಬಂದು ದೈಫುಲ್ಲಾ ಚಹಾ ಮಾಡಿಕೊಂಡ. ಚಹಾ ಚೆನ್ನಾಗಿಯೇ ಆಯಿತು. ಅನ್ನ ಮಾತ್ರ ತಳಹಿಡಿಯಿತು. ಮನೆಯ ಪ್ರತಿಯೊಂದು ವಸ್ತುವೂ ಅವಳಿಟ್ಟ ಜಾಗದಲ್ಲೇ ಇತ್ತು, ಅವನಿಗೆ ಒಂದೂ ಸಿಗುತ್ತಿರಲಿಲ್ಲ. ಅಕಬಾದಿಂದ ಮಗ ಫೋನ್ ಮಾಡಿದ. "ಅಪ್ಪ, ಅಮ್ಮನಿಗೆ ನೀವು ತಲಾಖ್ ಕೊಟ್ರಂತೆ, ಗಾಡಿ ಕೈಲಿ ಹೇಳಿಸಿದ್ರಂತೆ, ನಿಜವಾ?" ದೈಫುಲ್ಲಾನಿಗೆ ಆಗ ನಿಜವಾದ ಭಯ ಶುರುವಾಯಿತು. ಹೆಂಡತಿ ಇಲ್ಲದ ಮುಪ್ಪನ್ನು ಅವನು ಎಂದೂ ಯೋಚಿಸಿರಲಿಲ್ಲ. ಈಗ ಯೋಚಿಸಿದ.

ಮರುದಿನ ಅವನೊಂದು ನಿರ್ಧಾರಕ್ಕೆ ಬಂದ. ಗಾಡಿ ಕೆಟ್ಟಿದೆ, ರಿಪೇರಿ ದಂಡ, ಇದನ್ನು ಊರಿಗೆಲ್ಲ ತೋರಿಸಿ ಸಾಕ್ಷಿ ಕೂಡಿಸಬೇಕು. ಮಾನ ಹೋದರೆ ಹೋಗಲಿ.

ಆದರೆ ಅಷ್ಟರಲ್ಲಿ ಹಜ್ಜಾ ಸಬ್ಹಾ ಹೊಸ್ತಿಲಲ್ಲಿ ಕೂತೇ ಊರಿಗೆಲ್ಲ ಹೇಳಿ ಕಳಿಸಿದ್ದಳು: "ನನ್ನ ಮಗಳು ಬಂದಿದಾಳೆ. ಆ ಗಾಡಿ ಚೆನ್ನಾಗಿದೆ. ಗೊತ್ತಾಯ್ತಾ?" ಊರಿಗೆ ಚೆನ್ನಾಗಿ ಗೊತ್ತಾಯಿತು: ಗಾಡಿ ಕೆಟ್ಟಿದೆಯೆಂದು ಸಾಬೀತಾದರೆ ಮಗಳು ಗಂಡನ ಮನೆಗೆ ಹೊರಟುಹೋಗುತ್ತಾಳೆ. ಹಜ್ಜಾಳನ್ನು ಎದುರು ಹಾಕಿಕೊಳ್ಳುವ ಗಂಡಸು ಆ ಊರಲ್ಲಿ ಹುಟ್ಟಿರಲಿಲ್ಲ.

ದೈಫುಲ್ಲಾ ಮೊದಲು ಅಬು ಸಾಮಿಹನನ್ನು ಅಂಗಡಿಯಿಂದ ಎಳೆದು ಪಕ್ಕದಲ್ಲಿ ಕೂರಿಸಿಕೊಂಡು ಹೊರಟ. ಗಾಡಿ ತೂರಾಡಿತು, ಎಡಕ್ಕೆ ಎಳೆಯಿತು, ಮೋರಿ ದಾಟಿ ಬಾರ್ಲಿ ಹೊಲಕ್ಕೆ ಇಳಿಯಿತು.

"ನೋಡಿದ್ಯಾ? ನೋಡಿದ್ಯಾ?" ಎಂದ ದೈಫುಲ್ಲಾ, ಗೆದ್ದವನ ದನಿಯಲ್ಲಿ.

"ಏನು ನೋಡೋದು?" ಅಬು ಸಾಮಿಹ ಕಿಟಕಿಯೊಳಗೆ ನುಗ್ಗಿದ ಬಾರ್ಲಿ ತೆನೆಗಳನ್ನು ಮುಖದಿಂದ ಸರಿಸಿಕೊಂಡ. "ಹೊಟ್ಟೇಲಿರೋ ನೀರು ಅಲುಗಲಿಲ್ಲ ಕಣೋ. ಏನು ರಿಪೇರಿ, ಏನು ರಿಪೇರಿ! ಈ ದಾರಿಯಲ್ಲಿ ಬಂದು ಎಷ್ಟು ದಿನ ಆಗಿತ್ತು."

"ಇದು ದಾರಿಯಲ್ಲವೋ, ಹೊಲ!"

"ಹೌದಾ? ನನಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ, ಅಷ್ಟು ಚೆನ್ನಾಗಿದೆ."

ಹೊಲದ ಯಜಮಾನ ದೊಣ್ಣೆ ಹಿಡಿದು ಬಂದ. ದೈಫುಲ್ಲಾನಿಗೆ ಜೀವ ಬಂತು, ಇವನಾದರೂ ಬೈಯುತ್ತಾನೆ. ಆದರೆ ಗಾಡಿ ಯಾರದೆಂದು ಗುರುತು ಸಿಕ್ಕಿದ ಕೂಡಲೇ ಆ ಮನುಷ್ಯ ದೊಣ್ಣೆಯನ್ನು ಬೆನ್ನ ಹಿಂದೆ ಮರೆಮಾಡಿದ. "ಸ್ವಾಗತ, ಸ್ವಾಗತ, ಅಬು ರಕಾನ್. ಎಷ್ಟು ನೇರವಾಗಿ ಬಂದ್ರಿ!"

ಕೊನೆಗೆ ಅವನು ಶೇಖ್ ಯೂನಸರನ್ನೇ ಬೇಡಿಕೊಂಡ. ಪರೀಕ್ಷೆ ಮಾಡಲು ತಿಳಿದವರೊಬ್ಬರು ಬೇಕಲ್ಲ ಎಂದರು ಇಮಾಮರು. ಊರಿನಲ್ಲಿ ದಿನವಿಡೀ ಸ್ಟೇರಿಂಗ್ ಹಿಡಿಯುವವನು ಫವ್ವಾಜನೊಬ್ಬನೇ. ಫವ್ವಾಜ ಹತ್ತಿ ಕೂತ, ಇಮಾಮರು ಪಕ್ಕದಲ್ಲಿ ಕೂತರು, ದೈಫುಲ್ಲಾ ಹಿಂದಿನ ತೊಟ್ಟಿಯಲ್ಲಿ ನಿಂತ. ಬಸ್ಸು ತಿರುಗಿಸಿ ಬಲಿತ ತೋಳು ಫವ್ವಾಜನದು. ಊರ ಈ ತುದಿಯಿಂದ ಆ ತುದಿಗೆ ಗಾಡಿಯನ್ನು ಹಲ್ಲುಕಚ್ಚಿ ಹಿಡಿದು ನೇರವಾಗಿ ನಡೆಸಿದ. ಇಳಿದಾಗ ಕುತ್ತಿಗೆಯಿಂದ ಬೆವರು ಧಾರೆಯಾಗಿ ಹರಿಯುತ್ತಿತ್ತು, ಬೆರಳುಗಳು ಬಿಚ್ಚಿಕೊಳ್ಳುತ್ತಿರಲಿಲ್ಲ.

"ದಾರ ಹಿಡಿದ ಹಾಗೆ ನೇರ, ಶೇಖ್. ಒಂದೇ ಬೆರಳಲ್ಲಿ ಓಡಿಸಿದೆ."

"ಸುಳ್ಳ! ಬೆವರು ನೋಡಿ ಶೇಖ್, ಬೆವರು ನೋಡಿ!" ಎಂದು ದೈಫುಲ್ಲಾ ಕೂಗಿದ. "ನನ್ನ ರಿಪೇರಿ ದಂಡ! ನನಗೆ ಏನೂ ಬರಲ್ಲ! ಯಾರಾದರೂ ಹೇಳ್ರೋ, ನನಗೆ ಏನೂ ಬರಲ್ಲ ಅಂತ!"

ಇಷ್ಟು ವರ್ಷ ಅದನ್ನೇ ಹೇಳಿಕೊಂಡು ಬಂದಿದ್ದ ಊರು ಅಂದು ಮಾತು ಬದಲಿಸಿತು. "ನಿನ್ನದು ಬಂಗಾರದ ಕೈ, ಅಬು ರಕಾನ್" ಎಂದಿತು.

ಭಾನುವಾರ ಅವನು ಗಾಡಿಯನ್ನು ನಂಬದೆ ಬಸ್ಸು ಹತ್ತಿ ಕರಕ್‌ಗೆ ಹೋದ. ಕಿತ್ತ ಹಳೆಯ ಬಾಲ್ ಜಾಯಿಂಟೊಂದನ್ನು ಪತ್ರಿಕೆಯಲ್ಲಿ ಸುತ್ತಿ ಒಯ್ದಿದ್ದ. ಧರ್ಮದ ತೀರ್ಪು ಹೇಳುವ ಆ ಮುಫ್ತಿ ದಪ್ಪ ಕನ್ನಡಕದ, ನಿಧಾನ ಮಾತಿನ ಹಿರಿಯರು. ದೈಫುಲ್ಲಾ ಕೀಲನ್ನು ಅವರ ಮೇಜಿನ ಮೇಲಿಟ್ಟು, ಚಕ್ರ ಹೇಗೆ ತಿರುಗುತ್ತದೆ, ಕೀಲು ಹೇಗೆ ಆಡುತ್ತದೆ, ತಾನು ಎಲ್ಲೆಲ್ಲಿ ಕೆಡಿಸಿರಬಹುದು ಎಂದು ಉಸಿರು ಬಿಡದೆ ಒಪ್ಪಿಸಿದ. ಅವರು ಪೂರ್ತಿ ಕೇಳಿದರು. ಆಮೇಲೆ ಪೆನ್ನಿನ ತುದಿಯಿಂದ ಕೀಲನ್ನು ಪಕ್ಕಕ್ಕೆ ಸರಿಸಿದರು.

"ಗಾಡಿ ಇರಲಿ. ಜಗಳ ಆದದ್ದು ಯಾರ್ಯಾರಿಗೆ?"

"ನನಗೂ ಅವಳ ತಮ್ಮನಿಗೂ, ಶೇಖ್."

"ನಿನ್ನ ಹೆಂಡತಿ ಆಗ ಏನು ಮಾಡ್ತಿದ್ದಳು?"

"ಒಳಗೆ ಹೆಂಗಸರಿಗೆ ಬಡಿಸ್ತಿದ್ದಳು."

"ಅವಳಿಗೆ ತಲಾಖ್ ಕೊಡಬೇಕು ಅಂತ ಮನಸ್ಸಿತ್ತಾ?"

"ದೇವರಾಣೆ ಇಲ್ಲ! ಅವಳಿಲ್ಲದೆ ನನಗೆ ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಗೊತ್ತಾಗಲ್ಲ."

"ಮತ್ತೆ ನಿಮ್ಮಿಬ್ಬರ ಜಗಳದಲ್ಲಿ ಅವಳು ಯಾಕೆ ಬಂದಳು?"

ದೈಫುಲ್ಲಾ ತಲೆಗೆ ಸುತ್ತಿದ್ದ ಕೆಂಪು ವಸ್ತ್ರದ ಅಂಚನ್ನು ತಿರುವುತ್ತ ಕೂತ. ಹೊರಗೆ ಸಾಲಿನಲ್ಲಿದ್ದವರು ಕೆಮ್ಮಿದರು. ಮುಫ್ತಿ ಅವಸರ ಮಾಡಲಿಲ್ಲ.

"ತಲಾಖ್ ಆಗಿಲ್ಲ" ಎಂದರು ಕೊನೆಗೆ. "ನಿನಗೆ ಆ ಉದ್ದೇಶ ಇರಲಿಲ್ಲ. ಆಣೆ ಮುರಿದದ್ದಕ್ಕೆ ಹತ್ತು ಬಡವರಿಗೆ ಊಟ ಹಾಕಿಸು, ಅಲ್ಲಿಗೆ ಅದು ಮುಗೀತು. ಇನ್ನು ಮೇಲೆ ಆಣೆ ಇಡಲೇಬೇಕು ಅಂತ ನಾಲಿಗೆ ತುರಿಸಿದರೆ ನಿನ್ನ ಸ್ವಂತದ್ದೇನಾದರೂ ಪಣಕ್ಕಿಡು. ಗಾಡಿ ಇಡು."

ದೈಫುಲ್ಲಾ ಕುಣಿಯುತ್ತ ಊರಿಗೆ ಬಂದ. ಬಿದ್ದ ಗೇಟಿನ ಆಚೆಯೇ ನಿಂತು ಕೂಗಿದ. "ತುರ್ಫಾ! ಆಗಿಲ್ವಂತೆ! ತಲಾಖ್ ಆಗಿಲ್ವಂತೆ! ಬಾ, ಹೊರಡು!"

ತುರ್ಫಾ ಬಾಗಿಲಿಗೆ ಬಂದಳು. ಅಂಗೈ ತುಂಬ ಮದರಂಗಿ, ತಾಯಿಯ ತಲೆಗೆ ಹಚ್ಚುತ್ತಿದ್ದವಳು ಹಾಗೇ ಎದ್ದು ಬಂದಿದ್ದಳು. "ಯಾರು ಹೇಳಿದ್ರು?"

"ಮುಫ್ತಿ."

"ಇಮಾಮರನ್ನ ಕೇಳ್ದೆ. ಊರನ್ನೆಲ್ಲ ಕೇಳ್ದೆ. ಮುಫ್ತಿನೂ ಕೇಳ್ದೆ. ನನ್ನ ಯಾರಾದ್ರೂ ಕೇಳಿದ್ರಾ?"

ಅಂಗಳದಲ್ಲಿ ನೆರೆದಿದ್ದವರು ಮೆಲ್ಲಗೆ ಕಾಲು ತೆಗೆಯತೊಡಗಿದರು. ಅಬು ಸಾಮಿಹನಿಗೆ ಅಂಗಡಿ ನೆನಪಾಯಿತು.

"ನಾನು ಮೂರು ಹೆತ್ತೆ, ಅಬು ರಕಾನ್" ಎಂದಳು ತುರ್ಫಾ. ದನಿ ಏರಿಸಲಿಲ್ಲ. "ನಿನ್ನ ಕುರಿ ಕಾದೆ, ನಿನ್ನ ಕಥೆ ಕೇಳ್ದೆ. ಸೈನ್ಯದಲ್ಲಿ ನೀನು ಏನು ಮಾಡ್ತಿದ್ದೆ ಅಂತ ನನಗೆ ಮದುವೆ ದಿನದಿಂದ ಗೊತ್ತು. ಒಂದು ಸಲ ನಾನು ಅಂದೆನಾ? ನನ್ನಮ್ಮ ಈ ಬಾಗಿಲಲ್ಲಿ ಕೂತಿರೋಳು, ನಾನು ಆ ಗಾಡಿಯಲ್ಲಿ ಕೂತು ಮುಂದೆ ಹೋಗೋಳು. ನಾನು ನೋಡ್ತೀನಿ ಅಂತ ಅವಳಿಗೆ ಗೊತ್ತು, ಅವಳು ನೋಡ್ತಾಳೆ ಅಂತ ನನಗೆ ಗೊತ್ತು. ನೀನೊಬ್ಬ ರಸ್ತೆ ನೋಡ್ತಿದ್ದೆ."

ದೈಫುಲ್ಲಾ ಬಿದ್ದ ಗೇಟಿನ ತಗಡನ್ನು ನೋಡುತ್ತ ನಿಂತ.

"ಈಗ ಏನು ಮಾಡ್ಲಿ, ಹೇಳು" ಎಂದ.

"ಆ ಗಾಡೀಲಿ ನಾನು ಕೂರಲ್ಲ. ಯಾಕೆ ಹಾಗೆ ಎಳೆಯುತ್ತೆ ಅಂತ ಮೊದಲು ಪತ್ತೆ ಮಾಡು. ಒಬ್ಬನೇ ಅಲ್ಲ." ಅವಳು ತಮ್ಮನ ಕಡೆ ನೋಡಿದಳು. "ನೀನೂ ಏಳು, ಫವ್ವಾಜ್. ಆವತ್ತು ಬಾಯಿ ತೆಗೆದದ್ದು ನೀನು."

ಹಾಗೆ ಭಾವ ಮೈದುನರು ಗಾಡಿಯ ಮುಂದೆ ನಿಂತರು. ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ, ಹಾಗಾಗಿ ಇಬ್ಬರೂ ಚಕ್ರ ನೋಡಿದರು.

ಈ ರೋಗದ ವಿಶೇಷವೇನೆಂದರೆ ಒಬ್ಬನೇ ಅದನ್ನು ಪತ್ತೆ ಮಾಡುವುದು ಕಷ್ಟ. ಒಬ್ಬ ಮೇಲೆ ಕೂತು, ಇಂಜಿನ್ನು ಚಾಲೂ ಇಟ್ಟು, ಸ್ಟೇರಿಂಗನ್ನು ಸ್ವಲ್ಪ ಆಚೆ ಸ್ವಲ್ಪ ಈಚೆ ಅಲ್ಲಾಡಿಸುತ್ತಿರಬೇಕು. ಇನ್ನೊಬ್ಬ ಕೆಳಗೆ ಮಲಗಿ ಒಂದೊಂದೇ ಕೀಲಿನ ಮೇಲೆ ಬೆರಳಿಟ್ಟು, ಎಲ್ಲಿ ಸಡಿಲ, ಎಲ್ಲಿ ಬಿಗಿ ಎಂದು ಮುಟ್ಟಿ ನೋಡಬೇಕು. ದೈಫುಲ್ಲಾ ಇಷ್ಟು ದಿನ 'ಬಂದು ಸ್ವಲ್ಪ ಸ್ಟೇರಿಂಗ್ ಅಲ್ಲಾಡಿಸು' ಎಂದು ಯಾರನ್ನೂ ಕರೆದಿರಲಿಲ್ಲ. ಕರೆದರೆ ಗಾಡಿ ಕೆಟ್ಟಿದೆಯೆಂದು ಒಪ್ಪಿದಂತೆ.

ಅವನು ಕೆಳಗೆ ತೂರಿದ. ಕಾಲಷ್ಟೇ ಹೊರಗೆ ಕಾಣುತ್ತಿತ್ತು. ಫವ್ವಾಜ ಮೇಲೆ ಕೂತ.

"ಅಲ್ಲಾಡಿಸು."

"ಸಾಕಾ?"

"ಇನ್ನೂ. ನಿಲ್ಲು, ನಿಲ್ಲು. ಬಲಗಡೆ ಕೀಲು ಕುಣೀತಿದೆ. ನಟ್ಟು ಪೂರ್ತಿ ಕೂತಿಲ್ಲ."

"ತೂರಾಡಿದ್ದು ಅದಕ್ಕೆ" ಎಂದ ಫವ್ವಾಜ ಮೇಲಿಂದ. "ಎಡಕ್ಕೆ ಎಳೆಯೋದು ಯಾಕೆ?"

"ಬೇರೆ ಎಲ್ಲಾ ಗಟ್ಟಿ ಇದೆಯಲ್ಲಪ್ಪ. ನಡುವಿನ ತೋಳಿನ ಬುಶ್ಶಂತೂ ಕಬ್ಬಿಣದ ಹಾಗೆ ಬಿಗಿದೀನಿ."

ಫವ್ವಾಜ ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿ ಕೈಬಿಟ್ಟ. ಅದು ಮೆಲ್ಲಗೆ ತಾನಾಗಿ ಎಡಕ್ಕೆ ತಿರುಗಿ ಬಂದು ನಿಂತಿತು. ಅವನು ಇಳಿದು, ಗಾಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಕೆಳಗೆ ಇಣುಕಿದ.

"ಭಾವ, ಅದನ್ನ ಬಿಗಿಯುವಾಗ ಚಕ್ರ ಎತ್ತ ತಿರುಗಿತ್ತು?"

ದೈಫುಲ್ಲಾ ನೆನಪು ಮಾಡಿಕೊಂಡ. ಒಂದು ಕಡೆ ಗೋಡೆ, ಕೈ ಹಾಕಲು ಜಾಗವಿರಲಿಲ್ಲ, ಅದಕ್ಕೇ ಚಕ್ರವನ್ನು ತಿರುಗಿಸಿಟ್ಟುಕೊಂಡಿದ್ದ. "ಎಡಕ್ಕೆ."

"ಅಷ್ಟೇ. ಒಳಗೆ ರಬ್ಬರಿದೆಯಲ್ಲ, ಅದನ್ನ ಹೇಗಿಟ್ಟು ಬಿಗಿದ್ಯೋ ಅದಕ್ಕೆ ಅದೇ ನೇರ. ನೀನು ಎಷ್ಟೇ ಜಗ್ಗು, ಮತ್ತೆ ಅಲ್ಲಿಗೇ ಬರುತ್ತೆ. ನಮ್ಮ ಬಸ್ಸಿಗೂ ಒಂದು ಸಲ ನಾನೇ ಹಿಂಗೆ ಮಾಡಿದ್ದೆ. ಯಾರಿಗೂ ಹೇಳಬೇಡ."

ಕೆಳಗಿನಿಂದ ದೈಫುಲ್ಲಾನ ದನಿ ಬಂತು, ಮಡ್‌ಗಾರ್ಡಿಗೆ ಹೇಳಿದಂತೆ.

"ಚಹಾ ಮಾಡ್ತಿದ್ದೆ."

"ಏನಂದೆ?"

"ಸೈನ್ಯದಲ್ಲಿ. ಚಹಾ ಮಾಡ್ತಿದ್ದೆ. ನಿಜ."

ಫವ್ವಾಜ ಕಿವಿ ತುರಿಸಿಕೊಂಡ. "ಗೊತ್ತಿದ್ದದ್ದೇ. ಆದರೂ ಅಷ್ಟು ಜನರ ಮುಂದೆ, ನೀನು ನಮ್ಮ ಮನೆ ಅನ್ನ ಬಾಯಿಗಿಡುವಾಗ, ನಾನು ಅನ್ನಬಾರದಿತ್ತು. ನಗು ಬರಲಿ ಅಂತ ಅಂದೆ, ಭಾವ. ಬಂತು. ಆಮೇಲೆ ಅಕ್ಕ ಬರಲಿಲ್ಲ."

ಅವನು ಪಾನಾ ಕೆಳಗೆ ಚಾಚಿದ. ಒಳಗಿನಿಂದ ಕೈಯೊಂದು ಬಂದು ಪಾನಾದ ಜೊತೆಗೆ ಅವನ ಬೆರಳುಗಳನ್ನೂ ಹಿಡಿದುಕೊಂಡಿತು, ಸ್ವಲ್ಪ ತಡೆದು ಬಿಟ್ಟಿತು. ಬುಶ್ಶು ಸಡಿಲಿಸಿದರು. ಚಕ್ರಗಳನ್ನು ನೇರಕ್ಕಿಟ್ಟರು. ಫವ್ವಾಜ ಸ್ಟೇರಿಂಗನ್ನು ಕದಲದಂತೆ ಹಿಡಿದ, ದೈಫುಲ್ಲಾ ಬಿಗಿದ.

ಹತ್ತು ಬಡವರ ಊಟ ಅದೇ ವಾರ ಮಸೀದಿಯ ಅಂಗಳದಲ್ಲಿ ನಡೆಯಿತು. ಬಡವನೆಂದು ಹೇಳಿಕೊಂಡು ಅಬು ಸಾಮಿಹನೂ ಕೂತಿದ್ದನ್ನು ಇಮಾಮರು ಎಬ್ಬಿಸಿ ಕಳಿಸಿದರು. ಆಮೇಲೊಂದು ಮಧ್ಯಾಹ್ನ ದೈಫುಲ್ಲಾ ಹೆಂಡತಿಯನ್ನು ಕರೆದೊಯ್ಯಲು ಬಂದ. ತುರ್ಫಾ ತಾಯಿಯ ಕೈಗೆ, ಹಣೆಗೆ ಮುತ್ತಿಟ್ಟು, ಗಂಟು ಎತ್ತಿಕೊಂಡು ಗಾಡಿ ಹತ್ತಿದಳು. ಹಜ್ಜಾ ಸಬ್ಹಾ ಹೊಸ್ತಿಲಲ್ಲೇ ಇದ್ದಳು. ಕೈ ಬೀಸಲಿಲ್ಲ, ಅಳಲೂ ಇಲ್ಲ. ಮದರಂಗಿಯಿಂದ ಕೆಂಪಾದ ಜಡೆಯನ್ನು ಎದೆಯ ಮೇಲೆ ಹಾಕಿಕೊಂಡು ರಸ್ತೆ ನೋಡುತ್ತಿದ್ದಳು.

ಗಾಡಿ ರಸ್ತೆಗೆ ಬಂತು. ನಿಜವಾಗಿಯೂ ದಾರ ಹಿಡಿದ ಹಾಗೆ ಹೊರಟಿತು. ಅಂಗಡಿ ದಾಟಿತು, ಮಸೀದಿ ದಾಟಿತು. ದೈಫುಲ್ಲಾ ಸ್ಟೇರಿಂಗಿನಿಂದ ಎರಡೂ ಕೈ ಎತ್ತಿ ಹೆಂಡತಿಗೆ ತೋರಿಸಿದ. ಗಾಡಿ ತುಸುವೂ ಕದಲಲಿಲ್ಲ.

"ಇನ್ನು ತಾನಾಗಿ ಎಲ್ಲೂ ತಿರುಗಲ್ಲ, ಅಲ್ವಾ?" ಎಂದು ತುರ್ಫಾ ಕೇಳಿದಳು.

"ಎಲ್ಲೂ ಇಲ್ಲ" ಎಂದ ಅವನು, ಹೆಮ್ಮೆಯಿಂದ.

ಅವಳು ತಲೆಯಾಡಿಸಿದಳು. ಮಡಿಲಿನ ಗಂಟನ್ನು ಸರಿಮಾಡಿಕೊಂಡು ಮುಂದೆ ನೋಡುತ್ತ ಕೂತಳು.

ಸ್ವಲ್ಪ ದೂರ ಹೋದ ಮೇಲೆ ದೈಫುಲ್ಲಾನಿಗೆ ಅವಳು ಕೇಳಿದ್ದು ಏನೆಂದು ಅರ್ಥವಾಯಿತು. ಅವನು ಗಾಡಿಯನ್ನು ಬದಿಗೆ ನಿಲ್ಲಿಸಿದ. ಹಿಂದೆ ಮುಂದೆ ನೋಡಿದ. ಆಮೇಲೆ ಎರಡೂ ಕೈಯಲ್ಲಿ ಸ್ಟೇರಿಂಗನ್ನು ಬಲವಾಗಿ ಹಿಡಿದು, ಪೂರ್ತಿ ಎಡಕ್ಕೆ ತಿರುಗಿಸಿ, ಬಂದ ದಾರಿಗೇ ಗಾಡಿಯ ಮುಖ ಮಾಡಿದ. ಮಸೀದಿ ಮತ್ತೆ ಬಂತು. ಅಂಗಡಿಯ ಮೆಟ್ಟಿಲಿನಿಂದ ಅಬು ಸಾಮಿಹ ಬಾಯಿ ತೆರೆದು ನೋಡಿದ.

ಅಂಗಳದಲ್ಲಿ ಗಾಡಿ ನಿಂತಾಗ ಹಜ್ಜಾ ಸಬ್ಹಾ ಕೂತಲ್ಲಿಂದಲೇ ಕೇಳಿದಳು. "ಏನು ಮರೆತ್ರಿ?"

ದೈಫುಲ್ಲಾ ಇಳಿದು, ಆ ಕಡೆಗೆ ಬಂದು, ಹೆಂಡತಿಯ ಕಡೆಯ ಬಾಗಿಲು ತೆಗೆದ. ಊರಿಗೆಲ್ಲ ಕೇಳುವಂತೆ ಹೇಳಿದ.

"ಏನೂ ಮರೆತಿಲ್ಲ, ಅತ್ತೆ. ನಿಮ್ಮ ಮಗಳನ್ನ ನಾನು ಕರೆತಂದೆ."